ಮೂರನೆಯ ಕಮಾನಿನ ಗಿಲಾವು

ಉಳಿಸಿಕೊಂಡದ್ದು ಸಾರುವೆಯ ಒಂದು ದಿನದ ಬಾಡಿಗೆ. ಕಳೆದದ್ದು ಒಬ್ಬ ಹೆಣ್ಣುಮಗಳ ಮಾತಿಗೆ ಊರಿನಲ್ಲಿದ್ದ ಬೆಲೆ. ವ್ಯಾಪಾರದಲ್ಲಿ ನಾನು ಸುಲಭಕ್ಕೆ ಟೋಪಿ ಹಾಕಿಸಿಕೊಳ್ಳುವವನಲ್ಲ. ಆದರೆ ಇಷ್ಟು ಕೆಟ್ಟ ಚೌಕಾಸಿಯನ್ನು ಈ ವಿಜಯಪುರದಲ್ಲಿ ಇನ್ನೊಬ್ಬ ಮಾಡಿರಲಿಕ್ಕಿಲ್ಲ — ಅದೂ ಬೇರೊಬ್ಬರ ಗಂಟಿನಲ್ಲಿ.

ನೇರವಾಗಿ ಹೇಳಿಬಿಡುತ್ತೇನೆ. ಜೋರಾಪುರ ಪೇಟೆಯ ಒಂದು ಹಳೆಯ ಕಲ್ಲಿನ ಕಮಾನಿಗೆ ಬಿರುಕು ಅಳೆಯುವ ಸೆನ್ಸರ್ ಕೂಡಿಸುವ ಕೆಲಸ ನನಗೆ ಬಂದಿತ್ತು. ಕಲ್ಲಿಗೆ ಕೂಡಿಸಬೇಕಾದದ್ದನ್ನು ಕಲ್ಲಿನ ಮೇಲೆ ಬಳಿದಿದ್ದ ಸಿಮೆಂಟಿನ ಗಿಲಾವಿಗೆ ಅಂಟಿಸಿದೆ. ಕೆಲಸ ಹೇಳಿದ ಆ ಹೆಣ್ಣುಮಗಳು ಕೇಳಿದಾಗ "ಕಲ್ಲಿಗೇ" ಎಂದೆ. ಎಲ್ಲ ಮುಗಿದ ಮೇಲೆ, ಜನರ ನಡುವೆ ನಿಂತು ಆಕೆ ಮತ್ತೊಮ್ಮೆ ಕೇಳಿದಾಗಲೂ — "ಕಲ್ಲಿಗೇ" ಎಂದೆ. ಮೊದಲನೆಯದು ಸೋಮಾರಿತನದ ಸುಳ್ಳು. ಎರಡನೆಯದಕ್ಕೆ ನಾನು ಇನ್ನೂ ಹೆಸರು ಹುಡುಕುತ್ತಿದ್ದೇನೆ.

ನನ್ನ ಹೆಸರು ಸಿದ್ರಾಮ. ಬಿಜ್ಜರಗಿಯವನು. ಸಾಲಿ ಹತ್ತನೆಯ ಇಯತ್ತೆಗೆ ಮುಗಿಯಿತು. ಮೋಟಾರು ಸುತ್ತುವುದರಿಂದ ಶುರುಮಾಡಿ ವೈರಿಂಗ್, ಗಿಲಾವು, ಬಣ್ಣ, ಆಮೇಲೆ ಅಂಗಡಿಗಳಿಗೆ ಕ್ಯಾಮೆರಾ — ಯಾವ ಕೆಲಸ ಬಂದರೂ "ಬರೂದಿಲ್ಲ" ಎನ್ನುವ ಮಾತು ನನ್ನ ಬಾಯಿಂದ ಬಂದಿಲ್ಲ. ಮೊದಲು ಹೂಂ ಅನ್ನು, ಆಮೇಲೆ ಕಲಿ — ಇದು ನನ್ನ ಸೂತ್ರವಾಗಿತ್ತು. ಹುಡುಗರಿಗೂ ಇದನ್ನೇ ಬೋಧಿಸುತ್ತಿದ್ದೆ. ಈಗ ಬೋಧಿಸುವುದಿಲ್ಲ.

ಆ ಕಟ್ಟಡಕ್ಕೆ ಪೇಟೆಯವರು ಹತ್ತಿ ಕಮಾನು ಎನ್ನುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಹತ್ತಿಯ ಅಂಡಿಗೆಗಳನ್ನು ಒಟ್ಟುತ್ತಿದ್ದರಂತೆ. ಸಾಲಾಗಿ ಮೂರು ದೊಡ್ಡ ಕಮಾನುಗಳು. ಕೆಳಗೆ ಅಂಗಡಿಗಳು, ಮೇಲೆ ಉಗ್ರಾಣ. ಒಡೆಯರು ಚನ್ನಪ್ಪ ಸಾವಕಾರ್ರು. ಮೂರನೆಯ ಕಮಾನಿನ ಕೆಳಗೆ ಬಳೆಗಾರ ಮಹಾದೇವಪ್ಪನ ಅಂಗಡಿ. ಹತ್ತಿರದ ರಸ್ತೆ ಅಗೆಯಲು ದೊಡ್ಡ ಯಂತ್ರಗಳು ಬಂದು ನೆಲ ಗದಗದ ನಡುಗತೊಡಗಿದಾಗ, ಆ ಮೂರನೆಯ ಕಮಾನಿನ ನೆತ್ತಿಯ ಹತ್ತಿರ ಒಂದು ಸೀಳು ಗೆರೆ ಕಾಣಿಸಿತು. ಮಹಾದೇವಪ್ಪ ಗದ್ದಲ ಎಬ್ಬಿಸಿದ. ಸಾವಕಾರ್ರು ತಿಕೋಟಾದ ಅಶ್ವಿನಿಯವರನ್ನು ಕರೆಸಿದರು — ಇಂಜಿನಿಯರ್, ಹಳೆಯ ಕಟ್ಟಡಗಳ ಬಗ್ಗೆಯೇ ಓದಿ ಬಂದವರು, ನಗರದಲ್ಲಿ ಸ್ವಂತ ಕೆಲಸ ಹಿಡಿದು ಇನ್ನೂ ವರ್ಷವಾಗಿರಲಿಲ್ಲ.

ಎಲ್ಲರೂ "ಒಡೀರಿ" ಅಥವಾ "ಸಿಮೆಂಟ್ ತುಂಬ್ರಿ" ಎನ್ನುತ್ತಿದ್ದಾಗ ಆಕೆ ಒಬ್ಬರೇ ಬೇರೆ ಮಾತಾಡಿದರು.

"ಒಂದು ವರ್ಷ ಸುಮ್ಮನ ನೋಡೋಣ್ರಿ ಸಾವಕಾರ್ರ. ಬ್ಯಾಸಗಿ, ಮಳಿ, ಚಳಿ ಎಲ್ಲಾ ಒಮ್ಮೆ ದಾಟ್ಲಿ. ಕಲ್ಲು ಏನ ಹೇಳ್ತೈತಿ ಕೇಳಿ ಆಮ್ಯಾಲೆ ಕೈ ಹಚ್ಚೋಣು."

ಕೇಳಲಿಕ್ಕೆ ಸೆನ್ಸರ್ ಬೇಕು. ಕೂಡಿಸಲಿಕ್ಕೆ ನಾನು ಬೇಕು.

ಸಾರುವೆಯನ್ನು ಎರಡು ದಿನಕ್ಕೆ ತರಿಸಿದ್ದೆ. ಮೊದಲ ದಿನ ಅಶ್ವಿನಿಯವರು ನನಗಿಂತ ಮುಂಚೆ ಪೈಪು ಹಿಡಿದು ಮೇಲೆ ಹತ್ತಿದರು. ಮೊದಲನೆಯ ಕಮಾನಿನ ನೆತ್ತಿಯಲ್ಲಿ ಅಂಗೈಯಷ್ಟು ಅಗಲಕ್ಕೆ ಮೇಲಿನ ಪದರವನ್ನು ಸಣ್ಣ ಉಳಿಯಿಂದ ಬಿಡಿಸಿದರು — ಕೂಸಿನ ಕಾಲಿನ ಮುಳ್ಳು ತೆಗೆಯುವ ಹಾಗೆ. ಒಳಗಿಂದ ಕರಿಕಲ್ಲು ಕಾಣಿಸಿತು. "ಕೈ ಇಡ್ರಿ ಅಣ್ಣಾರ" ಎಂದರು. ಇಟ್ಟೆ.

ಹೇಗೆ ಹೇಳಲಿ — ನಾನು ಸಣ್ಣವನಿದ್ದಾಗಿನಿಂದ ಈ ಊರಿನ ಗುಮ್ಮಟ, ಗೋಡೆ, ಬಾವಡಿಗಳ ನಡುವೆ ಓಡಾಡಿದವನು. ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಗೋಡೆಗೆ ಸೈಕಲ್ ಆನಿಸಿದ್ದೇನೆ, ನೆರಳಿಗೆ ಕುಳಿತು ಬುತ್ತಿ ಬಿಚ್ಚಿದ್ದೇನೆ. ಒಂದು ದಿನವೂ ಕೈಯಿಟ್ಟು ನೋಡಿರಲಿಲ್ಲ. ಕಲ್ಲು ಬೆಚ್ಚಗಿತ್ತು. ಎರಡು ಕಲ್ಲುಗಳ ನಡುವಿನ ಸುಣ್ಣದ ಗಚ್ಚು ಉಗುರಿಗೆ ಸಿಗದಷ್ಟು ತೆಳ್ಳಗಿತ್ತು. ಒಂದು ಮೊಳೆಯಿಲ್ಲ, ಒಂದು ಸರಳಿಲ್ಲ. ಇಷ್ಟು ಭಾರದ ಕಲ್ಲುಗಳು ತಲೆಕೆಳಗಾಗಿ ತೂಗುತ್ತ — ಯಾರ ಆಧಾರದ ಮೇಲೆ?

"ಬಬಲೇಶ್ವರದ ಬಸ್ಸಿನ್ಯಾಗ ಸಂತಿ ದಿನ ನಿಂತಂಗ ಐತಲ್ರಿ ಇದು" ಎಂದೆ. "ಎಲ್ಲಾರೂ ಬೀಳಾಕ ತಯಾರು. ಬೀಳಾಕ ಜಾಗಾನ ಇಲ್ಲ."

ಅಶ್ವಿನಿಯವರು ಸಾರುವೆಯ ಹಲಗೆಯ ಮೇಲೆ ಕುಳಿತು ನಕ್ಕರು. "ನಮ್ಮ ಸರ್ ಬೋರ್ಡ್ ತುಂಬ ಬರದು ಹೇಳಿದ್ದನ್ನ ನೀವು ಒಂದ ಟಿಕೀಟಿನ್ಯಾಗ ಮುಗಿಸಿದ್ರಿ ನೋಡ್ರಿ."

ಆ ನಗು ನನಗೆ ನೆನಪಿದೆ. ಅದಕ್ಕೇ ಇದನ್ನು ಬರೆಯುವುದು ಕಷ್ಟವಾಗುತ್ತಿದೆ.

ಅಂದು ಅವರು ನನಗೆ ಕಲಿಸಿದ್ದು ಇಷ್ಟು: ಸೆನ್ಸರಿನ ಎರಡು ಕಾಲು ಬಿರುಕಿನ — ಬಿರುಕಿಲ್ಲದಿದ್ದರೆ ಕಲ್ಲಿನ ಸಂದಿನ — ಆಚೆ ಒಂದು, ಈಚೆ ಒಂದು ಇರಬೇಕು. ಎರಡೂ ಕಾಲು ಕಲ್ಲಿನ ಮೇಲೇ ಇರಬೇಕು. ಗಿಲಾವಿನ ಮೇಲೆ ಇಟ್ಟರೆ ಅದು ಗಿಲಾವಿನ ಸುದ್ದಿ ಹೇಳುತ್ತದೆ, ಕಟ್ಟಡದ ಸುದ್ದಿ ಹೇಳುವುದಿಲ್ಲ. ಕಮಾನು ನಡೆದರೆ ಎಷ್ಟು ನಡೆಯಿತು ಎಂದು ಯಂತ್ರ ದಿನವಿಡೀ ಅಳೆದು, ಒಳಗಿನ ಸಿಮ್ ಮೂಲಕ ಅವರ ಲ್ಯಾಪ್‌ಟಾಪಿಗೆ ಕಳಿಸುತ್ತದೆ. ತಲೆಗೂದಲಿಗಿಂತ ಸಣ್ಣ ಅಲುಗಾಟವನ್ನೂ ಅದು ಬಿಡುವುದಿಲ್ಲ. ಅಂದು ಎರಡು ಕಮಾನು ಮುಗಿದವು. ಎರಡಕ್ಕೂ ಆಕೆ ಕೈಯಿಟ್ಟು ನೋಡಿ, ಆಮೇಲೆಯೇ ಅಂಟು ಹಾಕಿಸಿದರು.

ಮರುದಿನ ಬೆಳಿಗ್ಗೆ ಅವರ ತಂದೆ ಬಚ್ಚಲಲ್ಲಿ ಜಾರಿ ಬಿದ್ದರೆಂದು ತಿಕೋಟಾದಿಂದ ಫೋನು ಬಂತು. ಹೊರಡುತ್ತ ಹೇಳಿದರು: "ಮೂರನೇದು ನಿಮ್ಮ ಮ್ಯಾಲೆ ಬಿಡ್ತೀನ್ರಿ ಅಣ್ಣಾರ. ನಿನ್ನೆ ನೋಡೀರಲ್ಲ, ಹಂಗ."

ನಾನೊಬ್ಬನೇ ಹತ್ತಿದೆ. ಮೂರನೆಯ ಕಮಾನಿನ ನೆತ್ತಿಗೆ, ಸರಿಯಾಗಿ ಸೆನ್ಸರ್ ಕೂಡಬೇಕಾದ ಬಿರುಕಿನ ಬಾಯಿಯಲ್ಲಿ, ಒಂದು ಕಬ್ಬಿಣದ ಕೊಂಡಿ. ಕೊಂಡಿಗೆ ದೃಷ್ಟಿಯ ಬೂದುಗುಂಬಳಕಾಯಿ ತೂಗುತ್ತಿತ್ತು — ಅರಿಷಿಣ, ಕುಂಕುಮ, ಸುಣ್ಣದಲ್ಲಿ ಬರೆದ ಕಣ್ಣು. ಸಾವಕಾರ್ರ ತಾಯಿ ಗೌರವ್ವಾಯಿ ಅಮಾವಾಸ್ಯೆಗೊಮ್ಮೆ ಹಳೆಯದನ್ನು ಇಳಿಸಿ ಹೊಸದನ್ನು ಕಟ್ಟಿಸುತ್ತಿದ್ದಳು. ನಡುವೆ ಯಾರೂ ಮುಟ್ಟುವಂತಿಲ್ಲ. ಪೇಟೆಗೆಲ್ಲ ಗೊತ್ತಿದ್ದ ಮಾತು. ಅಮಾವಾಸ್ಯೆ ಇನ್ನೂ ವಾರ ದೂರವಿತ್ತು. ಅಂದು ಬಿಟ್ಟು ಅಮಾವಾಸ್ಯೆಗೆ ಬರಬೇಕೆಂದರೆ ಸಾರುವೆಯನ್ನು ಮತ್ತೆ ತರಿಸಬೇಕು, ಅದರ ಬಾಡಿಗೆ ನನ್ನ ಮೈಮೇಲೆ.

ಕುಂಬಳಕಾಯಿಯಿಂದ ಒಂದು ಮೊಳ ಪಕ್ಕಕ್ಕೆ ಅದೇ ಬಿರುಕು ಮುಂದುವರಿದಿತ್ತು. ಅಲ್ಲಿ ಇದ್ದದ್ದು ಸಿಮೆಂಟಿನ ಗಿಲಾವು. ಯಾರು ಬಳಿದದ್ದು? ನಾನೇ. ಕೆಲವು ವರ್ಷಗಳ ಹಿಂದೆ, ಸೆನ್ಸರ್ ಎಂಬ ಶಬ್ದವೂ ನನಗೆ ಗೊತ್ತಿರದಿದ್ದಾಗ, ಸಾವಕಾರ್ರ ಮಗಳ ಮದುವೆಗೆಂದು ಆ ಕಮಾನನ್ನು ಸಿಮೆಂಟಿನಿಂದ ನುಣುಪು ಮಾಡಿ ಬಣ್ಣ ಹೊಡೆದವನು ನಾನು. ಹಳೆಯ ಸುಣ್ಣದ ಮೇಲೆ ಸಿಮೆಂಟ್ ನಿಲ್ಲುವುದಿಲ್ಲ — ಎರಡು ಮಳೆಗಾಲ ಕಳೆದರೆ ಒಳಗೊಳಗೇ ಬಿಡುತ್ತದೆ. ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಡಬ್ ಡಬ್ ಎಂದಿತು. ಪೊಳ್ಳು.

ಗೊತ್ತಿರಲಿಲ್ಲ ಎಂದರೆ ಅದು ಮೂರನೆಯ ಸುಳ್ಳಾಗುತ್ತದೆ. ಗೊತ್ತಿತ್ತು. ಉಳಿ ಕೈಯಲ್ಲಿತ್ತು. ಆದರೆ ಒಮ್ಮೆ ಕೆದಕಿದರೆ ನನ್ನ ಗಿಲಾವು ಹಲಗೆ ಹಲಗೆಯಾಗಿ ಕೆಳಗೆ ಬಂದು, ಮದುವೆಯಲ್ಲಿ ಹೊಗಳಿಸಿಕೊಂಡ ಕೆಲಸದ ಬಣ್ಣ ಬಯಲಾಗುತ್ತಿತ್ತು. ಅಂಟು ಹಚ್ಚಿ, ಸೆನ್ಸರ್ ಒತ್ತಿ ಹಿಡಿದು, ಹತ್ತಿರದಿಂದ ಒಂದು ಫೋಟೋ ತೆಗೆದು ಕಳಿಸಿದೆ — ಹತ್ತಿರದಿಂದ ತೆಗೆದರೆ ಬಣ್ಣ ಹಚ್ಚಿದ್ದು ಕಲ್ಲೋ ಗಿಲಾವೋ ಯಾರಿಗೆ ತಿಳಿದೀತು?

ಮಧ್ಯಾಹ್ನ ಅವರ ಫೋನು. ಹಿಂದೆ ಆಸ್ಪತ್ರೆಯ ಗದ್ದಲ. "ಅಣ್ಣಾರ, ಕಲ್ಲಿಗೇ ಕೂಡಿಸೀರಲ್ಲ?"

"ಕಲ್ಲಿಗೇರಿ ಅಕ್ಕಾರ. ನೀವು ಅಪ್ಪಾರ ಕಡೆ ನೋಡ್ಕೋರಿ."

ಎಷ್ಟು ಸಲೀಸಾಗಿ ಬಂತು ಆ ಮಾತು! ಕಾಳಜಿಯ ರುಮಾಲು ಸುತ್ತಿಕೊಂಡು ಬಂತು.

ಬೇಸಿಗೆ ಏರುತ್ತಿದ್ದಾಗ ಒಂದು ದಿನ ಅವರು ಲ್ಯಾಪ್‌ಟಾಪ್ ಹಿಡಿದು ನನ್ನ ಅಂಗಡಿಗೆ ಬಂದರು. ಮುಖದಲ್ಲಿ ಹಬ್ಬವಿತ್ತು. "ನೋಡ್ರಿಲ್ಲೆ" ಎಂದು ಮೊದಲ ಎರಡು ಕಮಾನುಗಳ ಗೆರೆ ತೋರಿಸಿದರು. ಗೆರೆ ಏರುತ್ತಿತ್ತು, ಇಳಿಯುತ್ತಿತ್ತು, ಏರುತ್ತಿತ್ತು. ಬಿಸಿಲು ಏರಿದಂತೆ ಕಲ್ಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಇಳಿಹೊತ್ತಿನ ತಂಪಿಗೆ ಮೆಲ್ಲಗೆ ಸಡಿಲಾಗುತ್ತದೆ. ಪ್ರತಿ ದಿನ. ನಾವು ಬಾಗಿಲು ತೆಗೆದರೂ ಮುಚ್ಚಿದರೂ, ಜಗಳಾಡಿದರೂ ಬಳೆ ತೊಟ್ಟರೂ — ಅದು ತನ್ನ ಪಾಡಿಗೆ. ತೊಟ್ಟಿಲ ಕೂಸಿನ ಎದೆಯ ಹಾಗೆ.

ಕಲ್ಲು ಉಸಿರಾಡುತ್ತದೆ ಎಂದು ಯಾರಾದರೂ ಕಟ್ಟೆಯಲ್ಲಿ ಹೇಳಿದ್ದರೆ "ಹೋಗೋ ಮಾರಾಯ" ಎನ್ನುತ್ತಿದ್ದೆ. ಶಾಹಿ ಸುಲ್ತಾನರ ಕಾಲದಿಂದ ಈ ಕಮಾನು ಒಂದು ದಿನ ರಜೆಯಿಲ್ಲದೆ ಉಸಿರಾಡುತ್ತ ಬಂದಿದೆ. ನನ್ನ ಕೆಲಸಗಳಿಗೆ ನಾನು ಒಂದು ವರ್ಷದ ಗ್ಯಾರಂಟಿ ಬರೆದುಕೊಡುವಾಗಲೂ ಎರಡು ಸಲ ಯೋಚಿಸುತ್ತೇನೆ. ಇದನ್ನು ಕಟ್ಟಿದವನು ಯಾವ ಗ್ಯಾರಂಟಿಯನ್ನೂ ಕೊಡದೆ ಎದ್ದು ಹೋಗಿದ್ದ.

"ಈಗ ಮೂರನೇದು ನೋಡ್ರಿ" ಎಂದರು. ಹಬ್ಬ ಮುಖದಿಂದ ಇಳಿದಿತ್ತು. ಮೂರನೆಯ ಗೆರೆ ಏರುತ್ತಿತ್ತು — ಇಳಿಯುತ್ತಿರಲಿಲ್ಲ. ದಿನದಿಂದ ದಿನಕ್ಕೆ ಬಿರುಕು ಅಗಲವಾಗುತ್ತಿತ್ತು.

ಬಿಸಿಲಿಗೆ ನನ್ನ ಗಿಲಾವು ಕಲ್ಲಿನಿಂದ ಏಳುತ್ತಿತ್ತು. ಅಷ್ಟೇ. ಆಕೆ ಲೆಕ್ಕ ಹಾಕುತ್ತ ಕುಳಿತಿದ್ದದ್ದು ಕಮಾನಿನದಲ್ಲ, ನನ್ನ ಕಳ್ಳ ಕೆಲಸದ ನಡಿಗೆ. ಆಗ ಬಾಯಿ ಬಿಡಬಹುದಿತ್ತು. ಚಹಾ ತರಿಸಿದೆ.

ಆ ವಾರವೇ ಅಶ್ವಿನಿಯವರು ಸಾವಕಾರ್ರಿಗೆ ಬರೆದುಕೊಟ್ಟರು: ಮೂರನೆಯ ಕಮಾನು ಅಪಾಯದಲ್ಲಿದೆ, ಕೆಳಗಿನ ಅಂಗಡಿ ಖಾಲಿ ಮಾಡಿಸಿ. ಲಗ್ನದ ಸೀಜನ್ನು. ಮಹಾದೇವಪ್ಪ ಬಳೆಯ ಮಲಾರಗಳನ್ನು ಹೊತ್ತು ರಸ್ತೆಯ ಬಿಸಿಲಿಗೆ ಬಂದು ಕುಳಿತ. ಸುಮ್ಮನೆ ಕುಳಿತುಕೊಳ್ಳುವ ಬಾಯಿ ಅಲ್ಲ ಅವನದು. ಅಶ್ವಿನಿಯವರು ಆ ದಾರಿಯಲ್ಲಿ ಬಂದಾಗಲೆಲ್ಲ, "ಬಂದ್ರು ನೋಡ್ರಪಾ, ಕಮಾನ ಬೀಳಸೂ ಬಾಯಾರು! ತಲಿ ಮ್ಯಾಲೆ ಕೈ ಇಟ್ಕೋರಿ!" ಎನ್ನುತ್ತಿದ್ದ. ಬಳೆ ಇಡಿಸಿಕೊಳ್ಳಲು ಬಂದ ಹೆಂಗಸರೂ ನಗುತ್ತಿದ್ದರು. ಆಕೆ ತಲೆ ತಗ್ಗಿಸದೆ ನಡೆದು ಹೋಗುತ್ತಿದ್ದರು. ತಮ್ಮ ಲೆಕ್ಕದ ಮೇಲೆ ಅಷ್ಟು ನಂಬಿಕೆ. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ.

ಒಂದು ಮಧ್ಯಾಹ್ನ ಬಿತ್ತು. ಕಮಾನಲ್ಲ, ಗಿಲಾವು. ತಟ್ಟೆಯಗಲದ ಹಲಗೆಗಳು, ಸೆನ್ಸರ್ ಸಮೇತ. ಸಾವಕಾರ್ರು ಮೊದಲು ನನಗೆ ಫೋನು ಮಾಡಿದರು, ನಾನು ಮೊದಲು ತಲುಪಿದೆ. ಧೂಳಿನಲ್ಲಿ ಸೆನ್ಸರ್ ಅಂಗಾತ ಬಿದ್ದಿತ್ತು. ಅದರ ಬೆನ್ನಿಗೆ ನನ್ನ ಸಿಮೆಂಟಿನ ತುಂಡೊಂದು, ಚಹಾಕ್ಕೆ ಅದ್ದುವ ಖಾರಿ ಬಿಸ್ಕತ್ತಿನಷ್ಟು, ಗಟ್ಟಿಯಾಗಿ ಅಂಟಿಕೊಂಡಿತ್ತು. ಎತ್ತಿ ಸಾಮಾನಿನ ಚೀಲಕ್ಕೆ ಹಾಕಿದೆ.

ಜನ ಕೂಡಿದರು. ಅಶ್ವಿನಿಯವರು ಓಡಿ ಬಂದರು. ಮಹಾದೇವಪ್ಪ ಎರಡೂ ಕೈ ಎತ್ತಿ ಕಮಾನಿಗೆ ನಮಸ್ಕಾರ ಮಾಡಿ, "ಕಮಾನ ಬೀಳ್ತೈತಿ ಅಂದ್ರಿ, ಗಿಲಾವ ಬಿತ್ತಲ್ರೀ ಬಾಯಾರ! ಇದಕ್ಕ ನನ್ನ ಲಗ್ನದ ಸೀಜನ್ ನುಂಗಿದ್ರ್ಯಾ?" ಎಂದ. ಪೇಟೆಯೇ ನಕ್ಕಿತು. ಆಕೆ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದರು.

"ಅಣ್ಣಾರ, ಕಲ್ಲಿಗೇ ಕೂಡಿಸಿದ್ರಲ್ಲ?"

"ಕಲ್ಲಿಗೇರಿ" ಎಂದೆ. "ಗಿಲಾವು ಬೀಳೂ ಮುಂದ ಅದನ್ನೂ ಕಿತ್ತಕೊಂಡ ಬಂದೈತಿ, ಪುಡಿ ಪುಡಿ ಆಗೈತಿ." ಅಷ್ಟಕ್ಕೆ ನಿಲ್ಲಿಸಲಿಲ್ಲ — "ಮಷೀನ್ ಏನ ಮಾಡ್ತೈತ್ರಿ, ಲೆಕ್ಕಾ ಮಾಡೂದ್ರಾಗ ಏನರ ಹೆಚ್ಚುಕಮ್ಮಿ ಆಗಿರಬೇಕು."

ಆಕೆ ಕೆಳಗೆ ನಿಂತು ಮೇಲಿನ ಕಲ್ಲನ್ನು ನೋಡುತ್ತ ಒಂದೇ ಮಾತು ಹೇಳಿದರು, ತಮಗೆ ತಾವೇ: "ಇಷ್ಟ ಗಟ್ಟಿ ಐತಿ. ನನಗ್ಯಾಕ ತಿಳೀಲಿಲ್ಲ?"

ಒಂದು ಮಾತು ಇಲ್ಲಿ ನನ್ನ ಪರವಾಗಿ ನಿಲ್ಲಲು ಕಾಯುತ್ತಿದೆ, ಅದನ್ನೂ ಹೇಳಿ ಮುಗಿಸುತ್ತೇನೆ. ಆಕೆಯ ಪತ್ರದಿಂದ ಅಂಗಡಿ ಖಾಲಿಯಾಗಿರದಿದ್ದರೆ ಆ ಹಲಗೆಗಳು ಮಹಾದೇವಪ್ಪನ ತಲೆಯ ಮೇಲೆ ಬೀಳುತ್ತಿದ್ದವು. ಹಾಗೆ ನೋಡಿದರೆ ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಆದರೆ ಆ ಪುಣ್ಯವೂ ಆಕೆಯದೇ. ನನ್ನ ಪಾಲಿಗೆ ಬರುವುದು ಬಿದ್ದ ಹಲಗೆಗಳು ಮಾತ್ರ.

ಉಳಿದ ಗಿಲಾವು ಕೆದಕಿಸುವ ಕೆಲಸವನ್ನೂ ಸಾವಕಾರ್ರು ನನಗೇ ಕೊಟ್ಟರು. ಅಂದು ಮೇಲೆ ಹತ್ತಿ ನೆತ್ತಿಯ ಕಲ್ಲನ್ನು ಮೊದಲ ಸಲ ಬರಿಗಣ್ಣಿನಿಂದ ನೋಡಿದೆ. ಬಿರುಕು ಕಲ್ಲಿನಲ್ಲಿ ಇರಲೇ ಇಲ್ಲ. ಅದು ನನ್ನ ಸಿಮೆಂಟಿನದೇ ಬಿರುಕು. ಕಲ್ಲುಗಳು ಹೊಂದಿ ಕುಳಿತಿದ್ದವು, ಸಂದಿನ ಗಚ್ಚು ಹಲ್ಲಿನಂತೆ ಬೆಳ್ಳಗಿತ್ತು. ಒಂದು ಸಂದಿನಲ್ಲಿ — ಮೊದಲು ಹುಳು ಕೊರೆದದ್ದು ಎಂದುಕೊಂಡೆ — ಒಂದು ಹೆಬ್ಬೆರಳಿನ ಗುರುತು. ಹಸಿ ಗಚ್ಚನ್ನು ಕೊನೆಯ ಸಲ ಒತ್ತಿ ನೋಡಿದವನ ಹೆಬ್ಬೆರಳು. ಅದರ ಗೆರೆಗಳೂ ಉಳಿದಿದ್ದವು. ಊರು ಕಾಣದ ಎತ್ತರದಲ್ಲಿ, ಮೇಲೆ ಪದರ ಬಂದು ಮುಚ್ಚಿಹೋಗುವ ಜಾಗದಲ್ಲಿ, ಯಾರೂ ಎಂದೂ ನೋಡುವುದಿಲ್ಲವೆಂದು ಗೊತ್ತಿದ್ದೂ ಅವನು ಒತ್ತಿ ನೋಡಿದ್ದ. ಅದರಿಂದ ಒಂದು ಮೊಳ ದೂರದಲ್ಲಿ, ಯಾರೂ ನೋಡುವುದಿಲ್ಲವೆಂದೇ, ನಾನು...

ಹಲಗೆಯ ಮೇಲೆ ಕುಳಿತುಬಿಟ್ಟೆ. ಕೆಳಗಿನಿಂದ ಸಾವಕಾರ್ರು, "ಏನಲೇ ಸಿದ್ರಾಮ, ಅಲ್ಲೇ ಸಂಸಾರ ಹೂಡ್ದಿ ಏನು?" ಎಂದು ಕೂಗಿದರು.

ಅಶ್ವಿನಿಯವರಿಗೆ ನಗರದಲ್ಲಿ ಆಮೇಲೆ ಹಳೆಯ ಕಟ್ಟಡದ ಕೆಲಸ ಯಾರೂ ಕೊಡಲಿಲ್ಲ. "ಗಿಲಾವಿಗೆ ಹೆದರಿದ ಇಂಜಿನಿಯರ್" ಎಂದರೆ ಸಾಕಿತ್ತು, ಪೇಟೆಯಲ್ಲಿ ಚಹಾದ ಜೊತೆ ನಗಲಿಕ್ಕೆ. ಅವರು ತಿಕೋಟಾಕ್ಕೆ ಹಿಂತಿರುಗಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳಿಗೆ ನಕ್ಷೆ ಬರೆದುಕೊಡತೊಡಗಿದರು ಎಂದು ಕೇಳಿದೆ.

ನಾನು ಮಾತ್ರ ಬೆಳೆದೆ. ಆದರೆ ಒಂದು ಚಟ ಹತ್ತಿತು. ಮೊದಲ ಎರಡು ಕಮಾನುಗಳ ಸೆನ್ಸರ್ ಯಾರಿಗೂ ಬೇಡವಾಗಿ ಉಳಿದಿದ್ದವು. ಅವುಗಳ ಸಿಮ್‌ಗೆ ನಾನೇ ರೀಚಾರ್ಜ್ ಮಾಡಿಸುತ್ತ, ಗೆರೆಯನ್ನು ನನ್ನ ಮೊಬೈಲಿನಲ್ಲಿ ನೋಡತೊಡಗಿದೆ. ದಿನಾ ಬೆಳಿಗ್ಗೆ, ದೇವರಿಗೆ ಊದಿನಕಡ್ಡಿ ಹಚ್ಚಿದ ಮೇಲೆ. ಏರುತ್ತದೆ, ಇಳಿಯುತ್ತದೆ. ಮೊದಲ ಮಳೆ ಬಿದ್ದ ದಿನ ಬಾಯಾರಿದವರು ನೀರು ಕುಡಿದಂತೆ ಗೆರೆ ಒಮ್ಮೆ ತೊನೆದು ಮತ್ತೆ ತನ್ನ ತಾಳಕ್ಕೆ ಬರುತ್ತದೆ. ಅಮಾವಾಸ್ಯೆಗೆ ಕುಂಬಳಕಾಯಿ ಇಳಿಸಿ ಏರಿಸಿದಾಗ ಏನಾದರೂ ಕಾಣುತ್ತದೆಯೇ ಎಂದು ಕಾದು ನೋಡಿದ್ದೇನೆ — ಏನೂ ಇಲ್ಲ. ಅದನ್ನು ಕಾಯಲು ನಾವು ಏನು ಕಟ್ಟಿದ್ದೇವೆಂಬುದು ಅದಕ್ಕೆ ಗೊತ್ತೇ ಇಲ್ಲ. ನೋಡುತ್ತ ನೋಡುತ್ತ ವರ್ಷಗಳಾದವು.

ಇತ್ತೀಚೆಗೆ ಸಾವಕಾರ್ರು ಕರೆಸಿದರು. ಹತ್ತಿ ಕಮಾನನ್ನು ಕೆಡವಿ ಅಂಗಡಿಗಳ ದೊಡ್ಡ ಕಟ್ಟಡ ಎಬ್ಬಿಸುವ ಯೋಚನೆ. ಕೆಡವುವ ಕೆಲಸಕ್ಕೆ ನಾನು ರೇಟು ಹೇಳಬೇಕು. "ಯಾರೂ ತಕರಾರ ಮಾಡಾಕ ಬರೂದಿಲ್ಲಪಾ" ಎಂದರು. "ಇಂಜಿನಿಯರ್ ಬಾಯಾರ ಆವತ್ತ ಬರದಕೊಟ್ಟಾರಲ್ಲ, ಕಮಾನ ಅಪಾಯದಾಗ ಐತಿ ಅಂತ. ಜತನ ಮಾಡಿ ಇಟ್ಟೇನಿ."

ಯಾವ ಮಾತಿಗೆ ಪೇಟೆಯೇ ನಕ್ಕಿತ್ತೋ ಆ ಮಾತು ಈಗ ಬೇಕಾಗಿತ್ತು. ಆಕೆಯ ಹೆಸರಿನಿಂದಲೇ, ನನ್ನ ಸುಳ್ಳಿನಿಂದಲೇ, ನನ್ನ ಕೈಯಿಂದಲೇ ಅದು ಉರುಳಬೇಕು. ಆಕೆ ಬಂದು "ಇಲ್ಲ, ಗಟ್ಟಿ ಐತಿ" ಎಂದರೂ ಯಾರು ನಂಬುತ್ತಾರೆ? ಬರೆದುಕೊಟ್ಟವರೇ ನೀವಲ್ಲವೇ ಎನ್ನುತ್ತಾರೆ.

ರೇಟು ಹೇಳದೆ ಎದ್ದ ಮೊದಲ ದಿನ ಅದು.

ಸೆನ್ಸರನ್ನು, ಬೆನ್ನಿನ ಸಿಮೆಂಟಿನ ಸಮೇತ, ರುಮಾಲಿನಲ್ಲಿ ಕಟ್ಟಿಕೊಂಡು ತಿಕೋಟಾಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ — ಮಾತಿನ ವ್ಯಾಪಾರಿಯಲ್ಲವೇ. ಅಂಗಳದಲ್ಲಿ ಅವರ ತಂದೆ ಕೋಲು ಹಿಡಿದು ಕುಳಿತಿದ್ದರು. ಅಶ್ವಿನಿಯವರು ಹೊರಗೆ ಬಂದು, "ಬರ್ರಿ ಅಣ್ಣಾರ, ಎಷ್ಟ ದಿನಾ ಆತು" ಎಂದರು. ಆ ಅಣ್ಣಾರ ಎಂಬ ಮಾತಿಗೆ ಹೊಂದಿಸಿದ್ದೆಲ್ಲ ಮರೆತುಹೋಯಿತು. ರುಮಾಲು ಬಿಚ್ಚಿ ಮುಂದೆ ಇಟ್ಟೆ.

ಆಕೆ ಅದನ್ನು ತಿರುಗಿಸಿ ಬೆನ್ನು ನೋಡಿದರು. ಉಗುರಿನಿಂದ ಸಿಮೆಂಟನ್ನು ಕೆರೆದು ನೋಡಿದರು. ನಾನು ವಿವರಿಸಬೇಕಾದದ್ದು ಏನೂ ಉಳಿಯಲಿಲ್ಲ. ಅದನ್ನು ರುಮಾಲಿನ ಮೇಲೆ ತಿರುಗಿ ಇಟ್ಟು ಹೇಳಿದರು:

"ಇಷ್ಟ ವರ್ಷ ನಾ ನನ್ನ ಕಣ್ಣನ್ನ ಅನುಮಾನ ಮಾಡೇನ್ರಿ. ಶೆಡ್ಡಿನ ತಗಡು ಹಾಕ್ಸೂ ಮುಂದನೂ ಎರಡ ಎರಡ ಸಲ ಲೆಕ್ಕಾ ಮಾಡ್ತೇನಿ."

ಕಮಾನು ಕೆಡವುವ ಸುದ್ದಿಯನ್ನೂ ಹೇಳಿ, ಕ್ಷಮಿಸಿ ಎಂದೆ. ಆಕೆ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ನನ್ನ ಮುಂದ ಹೇಳಿ ಏನ ಮಾಡ್ತೀರಿ? ಯಾರು ನಕ್ಕಾರೋ ಅವರ ಮುಂದ ಹೇಳ್ರಿ. ನಾನೂ ಬರ್ತೇನಿ. ನಾ ಇರೂ ಮುಂದನ ಹೇಳ್ರಿ."

ಹೇಳಿದೆ. ಮೂರನೆಯ ಕಮಾನಿನ ಕೆಳಗೆ, ಅಂಗಡಿಗಳು ತುಂಬಿರುವ ಹೊತ್ತಿಗೆ. ಸೆನ್ಸರನ್ನು ಮಹಾದೇವಪ್ಪನ ಕೈಯಲ್ಲಿ ಕೊಟ್ಟು, ಬೆನ್ನು ತೋರಿಸಿ, ಎರಡೂ ಸುಳ್ಳನ್ನು ಆಡಿದ ಹಾಗೆಯೇ ಮತ್ತೆ ಆಡಿ ತೋರಿಸಿದೆ. ಮೊಬೈಲಿನಲ್ಲಿ ಆ ಎರಡು ಕಮಾನುಗಳ ಗೆರೆ ತೆಗೆದು ಸಾವಕಾರ್ರ ಮುಂದೆ ಹಿಡಿದೆ: ಬಾಯಾರ ಲೆಕ್ಕ ತಪ್ಪಿರಲಿಲ್ಲ, ನಾನು ಕೊಟ್ಟ ಅಂಕಿ ತಪ್ಪಿತ್ತು.

"ಇಷ್ಟ ವರ್ಷ ಎಲ್ಲಿ ಸತ್ತಿತ್ತಲೇ ನಿನ್ನ ಬಾಯಿ?" ಎಂದರು ಸಾವಕಾರ್ರು. "ನನ್ನ ಅಂಗಡ್ಯಾಗ ಇನ್ನ ಒಂದ ಮೊಳಿ ಬಡ್ಯಾಕ ಬಂದ್ರ ನೋಡು." ಆ ಮಾತು ಸರಿಯಾದದ್ದೇ. ಆ ಬೀದಿಯ ಬೇರೆ ಗಿರಾಕಿಗಳೂ ಹೋದರು.

ನನ್ನ ಹತ್ತಿರ ಇನ್ನೂ ಒಂದು ನೆವ ಉಳಿದಿತ್ತು. ಹೇಳಬಾರದು ಎಂದುಕೊಂಡಿದ್ದೆ, ಬಾಯಿ ಕೇಳಲಿಲ್ಲ. "ಆವತ್ತ ಕುಂಬಳಕಾಯಿ ಇತ್ತರಿ. ಅಮಾಸಿ ಆಗೂ ತನಕ ಇಳಸೂ ಹಂಗಿರಲಿಲ್ಲ..."

ಒಳಗಿನ ಕಟ್ಟೆಯ ಮೇಲೆ ಗೌರವ್ವಾಯಿ ಕುಳಿತಿದ್ದಳು. ಕಿವಿ ಮಂದ ಎಂದು ಎಲ್ಲರೂ ತಿಳಿದಿದ್ದೆವು.

"ನನ್ನ ಕೇಳಿದ್ಯಾ?" ಎಂದಳು.

ನಾನು ಮೇಲೆ ತೂಗುತ್ತಿದ್ದ ಕಾಯಿಯ ಕಡೆ ನೋಡಿದೆ.

"ಅದರ ಹಿಂದಿನ ವರ್ಷ ಕರೆಂಟಿನವ್ರು ವೈರ್ ಎಳ್ಯಾಕ ಬಂದಾಗ ನಾನ ಇಳಿಸಿ ಕೊಟ್ಟಿದ್ನಲ್ಲೋ. ಕಾಯಿ ಹೋದ್ರ ಇನ್ನೊಂದ ಕಾಯಿ ಬರ್ತೈತಿ. ಯವ್ವಾ ಇಳಸ್ತೀ ಏನ ಅಂದಿದ್ರ ಇಳಸ್ತಿದ್ನಿ. ಕೇಳಿದ್ಯಾ, ಹೇಳು?"

ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದಿರಲೂ ಇಲ್ಲ — ಅಲ್ಲ, ಹೊಳೆದಿತ್ತು. ಕೇಳಿದರೆ ಹೂಂ ಅಂದುಬಿಟ್ಟಾಳು ಎಂಬ ಅಂಜಿಕೆ ಇತ್ತು. ಆಗ ಉಳಿ ಹಿಡಿಯಲೇಬೇಕಾಗುತ್ತಿತ್ತು.

ಮಹಾದೇವಪ್ಪ ಅಂಗಡಿಯ ಗಾದಿಯ ಮೇಲಿನ ಮಲಾರಗಳನ್ನು ಪಕ್ಕಕ್ಕೆ ಸರಿಸಿದ. "ಬರ್ರೀ ಅಕ್ಕಾರ, ಕುಂದರ್ರಿ" ಎಂದ. ಅವನ ಬಾಯಿಂದ ಅಷ್ಟು ಸಣ್ಣ ಧ್ವನಿಯನ್ನು ನಾನು ಕೇಳಿರಲಿಲ್ಲ. ಅಶ್ವಿನಿಯವರು ಕುಳಿತುಕೊಳ್ಳಲಿಲ್ಲ. ಸಾವಕಾರ್ರ ಕಡೆ ತಿರುಗಿ, "ಆವತ್ತ ಒಂದ ವರ್ಷ ಕೇಳಿದ್ನಿ. ಅದನ್ನ ಈಗ ಕೊಡ್ರಿ" ಎಂದರು. ಸಾವಕಾರ್ರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ಮುಂದಿನ ಬ್ಯಾಸಗಿ ತನಕ ನೋಡೋಣು" ಎಂದು ಎದ್ದು ಹೋದರು. ಕಮಾನು ಉಳಿಯುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸದ್ಯ ಬೇಸಿಗೆಯ ತನಕ ಉಸಿರಾಡಲಿಕ್ಕೆ ಯಾರ ಅಡ್ಡಿಯೂ ಇಲ್ಲ.

ಸಾರುವೆಯನ್ನು ನಾನೇ ತರಿಸಿದೆ. ಅಶ್ವಿನಿಯವರು ಹತ್ತಿದರು, ನಾನು ಕೆಳಗೆ ನಿಂತು ಸಾಮಾನು ಕೊಟ್ಟೆ. ಗೌರವ್ವಾಯಿ ತಾನೇ ಕೆಳಗೆ ನಿಂತು ಕಾಯಿ ಇಳಿಸಲು ಹೇಳಿದ್ದಳು. ನೆತ್ತಿಯ ಹತ್ತಿರ ಆಕೆಯ ಕೈ ಒಮ್ಮೆಗೇ ನಿಂತಿತು. ಹೆಬ್ಬೆರಳಿನ ಗುರುತು ಸಿಕ್ಕಿತ್ತು. ತಮ್ಮ ಹೆಬ್ಬೆರಳನ್ನು ಅದರಲ್ಲಿ ಒಮ್ಮೆ ಇಟ್ಟು ನೋಡಿದರು. ಆಮೇಲೆ ಅದು ಮುಚ್ಚದ ಹಾಗೆ ಸೆನ್ಸರನ್ನು ಸ್ವಲ್ಪ ಪಕ್ಕಕ್ಕೆ, ಕಲ್ಲಿನ ಮೇಲೆ, ಒತ್ತಿ ಹಿಡಿದರು. ಇಳಿದು ಬಂದಾಗ ನನ್ನನ್ನು ಅಣ್ಣಾರ ಎನ್ನಲಿಲ್ಲ. "ಸಿದ್ರಾಮ ಅವ್ರ, ಹಗ್ಗಾ ಬಿಚ್ಚರಿ" ಎಂದರು. ಬಿಚ್ಚಿದೆ.

ಉಪದೇಶ ಮಾಡುವ ಚಟ ನನ್ನದು, ಈ ಒಂದನ್ನು ಮಾತ್ರ ಕೇಳಿಸಿಕೊಳ್ಳಿ. ನಿಮ್ಮದೂ ಹಳೆಯ ಕಲ್ಲಿನ ಮನೆಯೋ ಮಠವೋ ಇದ್ದು, ಅಳೆಯುವ ಯಂತ್ರ ಕೂಡಿಸಲು ಯಾರಾದರೂ ಬಂದರೆ, ಅವರ ಜೊತೆ ನಿಂತುಕೊಳ್ಳಿ. ಕೂಡಿಸುವ ಜಾಗವನ್ನು ಗೆಣ್ಣಿನಿಂದ ಬಡಿದು ಕೇಳಿ — ಡಬ್ ಎಂದರೆ ಅದು ಗಿಲಾವು, ಕೆದಕಿಸಿ. ಫೋಟೋ ತೆಗೆದರೆ ಹತ್ತಿರದಿಂದ ಒಂದು, ಇಡೀ ಕಮಾನು ಕಾಣುವಂತೆ ದೂರದಿಂದ ಒಂದು ತೆಗೆಸಿ. ಹಳೆಯ ಸುಣ್ಣದ ಮೇಲೆ ಸಿಮೆಂಟ್ ಬಳಿಯುತ್ತೇನೆ ಎಂದವನನ್ನು ಚಹಾ ಕೊಟ್ಟು ಕಳಿಸಿಬಿಡಿ. ದಾರಿಗೆ ದೇವರ ವಸ್ತುವೋ ದೃಷ್ಟಿಯ ಕಾಯಿಯೋ ಅಡ್ಡ ಇದ್ದರೆ, ಕಟ್ಟಿದವರನ್ನೇ ಹೋಗಿ ಕೇಳಿ. ಮತ್ತೆ, ಕಲ್ಲಿಗೋ ಗಿಲಾವಿಗೋ ಎಂದು ಕೇಳಿ. ಬಂದವನು ನಾನೇ ಆದರೂ ಕೇಳಿ. "ಕಲ್ಲಿಗೇರಿ" ಎಂದು ನಾನು ಎಷ್ಟು ಸಲೀಸಾಗಿ ಹೇಳಿದರೂ ನನ್ನ ಮುಖ ನೋಡುತ್ತ ನಿಲ್ಲಬೇಡಿ. ಏಣಿ ತರಿಸಿ, ಹತ್ತಿ, ಕೈಯಿಟ್ಟು ನೋಡಿ.